ಕಪ್ಪು ಪರದೆಯ ಟಿಪ್ಪಣಿ ಪುಸ್ತಕ

ಹದಿನೈದು ವರ್ಷಗಳ ಹಿಂದೆ ನೀವು ಬರೆದಿಟ್ಟ ಟಿಪ್ಪಣಿಗಳು ಈಗ ಎಲ್ಲಿವೆ? ಕಾಗದದ ಡೈರಿಯಾದರೆ ಉತ್ತರ ಸುಲಭ. ಲಾಫ್ಟಿನ ಮೇಲೆ, ಊರಿನಿಂದ ತಂದ ಟ್ರಂಕಿನಲ್ಲಿ, ಹಳೆಯ ಕರೆಂಟ್ ಬಿಲ್ಲುಗಳ ಅಡಿಯಲ್ಲಿ. ಆದರೆ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಬರೆದದ್ದಾದರೆ? ಯಾವ ಆ್ಯಪ್, ಯಾವ ಲಾಗಿನ್, ಯಾವ ಪಾಸ್‌ವರ್ಡ್, ಆ ಕಂಪನಿ ಇನ್ನೂ ಬಾಗಿಲು ತೆರೆದಿದೆಯೇ... ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಮುಂಬಯಿಯಲ್ಲಿ ಬಾಡಿಗೆ ಮನೆಗಳನ್ನು ಬದಲಾಯಿಸಿದವರಿಗೆ ಈ ಭಾವ ಹೊಸದಲ್ಲ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮುಗಿದ ದಿನ ಮಾಲೀಕ ಏನು ಹೇಳುತ್ತಾನೋ ಎಂಬ ಅಳುಕು.

ಇವತ್ತು ಬರೆಯಹೊರಟಿರುವುದು ಟಿಪ್ಪಣಿ ಇಡುವ ಇನ್ನೊಂದು ರೀತಿಯ ಚರಿತ್ರೆ. ಮೌಸ್ ಇಲ್ಲ, ಬಣ್ಣದ ಬಟನ್ ಇಲ್ಲ. ಕಪ್ಪು ಪರದೆ, ಮಿನುಗುವ ಒಂದು ಗೆರೆ, ಅದರ ಮುಂದೆ ನೀವು ಟೈಪ್ ಮಾಡುವ ಒಂದೊಂದು ಆಜ್ಞೆ. ಇದನ್ನೇ ಕಮಾಂಡ್ ಲೈನ್ ಎನ್ನುವುದು. 'ಅಯ್ಯೋ, ಇದು ಸಾಫ್ಟ್‌ವೇರಿನವರ ಉಸಾಬರಿ' ಎಂದು ಎದ್ದು ಹೋಗಬೇಡಿ. ಈ ಕಥೆಯ ಅರ್ಧ ದಾರಿಯಲ್ಲಿ ಕನ್ನಡ ಬರುತ್ತದೆ, ಮುಂಬಯಿಯ ಒಬ್ಬ ಮಾಸ್ತರರೂ ಬರುತ್ತಾರೆ.

ಮೊದಲು ಅಮೆರಿಕದ ನ್ಯೂ ಜೆರ್ಸಿಗೆ ಹೋಗೋಣ. ಅಲ್ಲಿನ ಮರ್ರೆ ಹಿಲ್ ಎಂಬಲ್ಲಿ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯ. 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲಿ ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟಲು ಶುರು ಮಾಡಿದರು. ಅದು ಮೊದಲು ಹೊಟ್ಟೆಪಾಡು ಮಾಡಿಕೊಂಡದ್ದು ಯಾವ ಕೆಲಸದಿಂದ ಗೊತ್ತೇ? ರಾಕೆಟ್ ಲೆಕ್ಕದಿಂದಲ್ಲ, ಬ್ಯಾಂಕಿನ ಬಡ್ಡಿಯಿಂದಲೂ ಅಲ್ಲ. 1971ರಲ್ಲಿ ಬೆಲ್ ಲ್ಯಾಬ್ಸಿನ ಪೇಟೆಂಟ್ ವಿಭಾಗದ ಟೈಪಿಸ್ಟರು ಅರ್ಜಿಗಳನ್ನು ಬರೆಯಲು ಆ ಯಂತ್ರವನ್ನು ಬಳಸಿದರು. ಯೂನಿಕ್ಸಿನ ಮೊದಲ ಗಿರಾಕಿಗಳು ಬರೆಯುವವರು. ಆ ಯಂತ್ರದ ನೆನಪಿನ ಶಕ್ತಿ 24 ಕಿಲೋಬೈಟು, ಡಿಸ್ಕು 512 ಕಿಲೋಬೈಟು. ಇವತ್ತು ವಾಟ್ಸಾಪಿನಲ್ಲಿ ಬರುವ 'ಶುಭೋದಯ'ದ ಒಂದು ಚಿತ್ರಕ್ಕೂ ಅಷ್ಟು ಜಾಗ ಸಾಲದೆ ಹೋಗಬಹುದು.

ಆಗ ಪರದೆಯೂ ಇರಲಿಲ್ಲ. ಟೆಲಿಟೈಪ್ ಎಂಬ ದೊಡ್ಡ ಟೈಪ್‌ರೈಟರು ಕಾಗದದ ಸುರುಳಿಯ ಮೇಲೆ ಟಕಟಕ ಎಂದು ಅಚ್ಚು ಮಾಡುತ್ತಿತ್ತು. ಮಾಡೆಲ್ 33 ಎಂಬುದರ ವೇಗ ಸೆಕೆಂಡಿಗೆ 10 ಅಕ್ಷರ. ಒಂದೊಂದು ಕೀಲಿಯನ್ನು ಒತ್ತುವುದೂ ಶ್ರಮ, ಉತ್ತರಕ್ಕೆ ಕಾಯುವುದೂ ಶ್ರಮ. ಅದಕ್ಕೇ ಆಜ್ಞೆಗಳೆಲ್ಲ ಚೋಟುದ್ದ. ಕಡತಗಳ ಪಟ್ಟಿ ಕೊಡಲು 'ಎಲ್‌ಎಸ್', ಸ್ಥಳ ಬದಲಿಸಲು 'ಎಂವಿ', ನಕಲು ತೆಗೆಯಲು 'ಸಿಪಿ', ಒಳಗಿದ್ದದ್ದನ್ನು ತೋರಿಸಲು 'ಕ್ಯಾಟ್'. ಬರೆಯಲು 'ಎಡ್' ಎಂಬ ಎಡಿಟರು. ಇದು ಎಷ್ಟು ಮಿತಭಾಷಿ ಎಂದರೆ, ನೀವು ಏನು ತಪ್ಪು ಮಾಡಿದರೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಅಚ್ಚು ಮಾಡಿ ಸುಮ್ಮನಾಗುತ್ತಿತ್ತು. ನಮ್ಮ ಕಡೆ ಕೆಲವು ಅಜ್ಜಂದಿರು ಹೀಗೇ ಇದ್ದರು. ಹುಬ್ಬು ಏರಿಸಿದರೆ ಸಾಕು, ಉಳಿದದ್ದನ್ನು ನಾವೇ ಅರ್ಥ ಮಾಡಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬರೆದದ್ದು ಬೇರೆ, ಬರೆಯುವ ಸಾಧನ ಬೇರೆ. 'ಎಡ್'ನಲ್ಲಿ ಬರೆದ ಸಾಲನ್ನು 'ಕ್ಯಾಟ್' ತೋರಿಸುತ್ತದೆ, ಇನ್ನೊಂದು ಆಜ್ಞೆ ಎಣಿಸುತ್ತದೆ, ಮತ್ತೊಂದು ಅಕಾರಾದಿಯಾಗಿ ಜೋಡಿಸುತ್ತದೆ. ಫೈಲಿನ ಮೇಲೆ ಯಾರದ್ದೂ ಹಕ್ಕುಸ್ವಾಮ್ಯವಿಲ್ಲ. ಡಗ್ ಮೆಕಿಲ್ರಾಯ್ ಎಂಬವರು 1964ರಲ್ಲೇ ಒಂದು ಟಿಪ್ಪಣಿ ಬರೆದು, ತೋಟಕ್ಕೆ ನೀರು ಬಿಡುವ ಪೈಪುಗಳನ್ನು ಒಂದಕ್ಕೊಂದು ಸಿಕ್ಕಿಸುವ ಹಾಗೆ ಪ್ರೋಗ್ರಾಮುಗಳನ್ನು ಸಿಕ್ಕಿಸಲು ಬರಬೇಕು ಎಂದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಯೂನಿಕ್ಸಿಗೆ ತಂದರು. ಆ ಸೌಲಭ್ಯದ ಹೆಸರೇ 'ಪೈಪ್'.

ಅದೇ ಹೊತ್ತಿಗೆ ಹುಟ್ಟಿದ್ದು 'ಗ್ರೆಪ್'. ಇದರ ಜನ್ಮವೃತ್ತಾಂತ ನನಗೆ ಬಹಳ ಇಷ್ಟ. ಬೆಲ್ ಲ್ಯಾಬ್ಸಿನವರೇ ಆದ ಬ್ರಯನ್ ಕರ್ನಿಗನ್ ಹೇಳಿದ ಕಥೆ ಇದು. ಅವರ ಸಹೋದ್ಯೋಗಿ ಲೀ ಮೆಕ್‌ಮಾಹನ್‌ಗೆ ಒಂದು ಸಾಹಿತ್ಯಕ ತಲೆನೋವು ಇತ್ತು. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾದ 85 ಲೇಖನಗಳಿವೆ, ಫೆಡರಲಿಸ್ಟ್ ಪೇಪರ್ಸ್ ಎಂದು ಹೆಸರು. ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಆದರೆ ಕೆಲವು ಲೇಖನಗಳು ಯಾರವು ಎಂಬುದು ವಿವಾದ. ಪದಗಳ ಬಳಕೆಯನ್ನು ಹುಡುಕಿ ನೋಡಿ ಕರ್ತೃವನ್ನು ಪತ್ತೆ ಮಾಡಬೇಕು. ಅಷ್ಟು ದೊಡ್ಡ ಪಠ್ಯ 'ಎಡ್'ನ ಹೊಟ್ಟೆಗೆ ಹಿಡಿಸುತ್ತಿರಲಿಲ್ಲ. ಆಗ ಥಾಂಪ್ಸನ್ 'ಎಡ್'ನೊಳಗಿದ್ದ ಹುಡುಕುವ ಭಾಗವನ್ನಷ್ಟೇ ಬಿಡಿಸಿ ಪ್ರತ್ಯೇಕ ಪ್ರೋಗ್ರಾಮ್ ಮಾಡಿ ಕೊಟ್ಟರು. 'ಎಡ್'ನಲ್ಲಿ 'ಇಡೀ ಕಡತದಲ್ಲಿ ಈ ಮಾದರಿ ಇರುವ ಸಾಲುಗಳನ್ನು ಅಚ್ಚು ಮಾಡು' ಎನ್ನಲು ಜಿ, ಆರ್‌ಇ, ಪಿ ಎಂದು ಬರೆಯಬೇಕಿತ್ತು. ಅದೇ ಕೂಡಿ 'ಗ್ರೆಪ್' ಆಯಿತು.

ನಮ್ಮಲ್ಲಿ ಕುಮಾರವ್ಯಾಸನ ಕಾಲ, ಪಂಪನ ಪಾಠಾಂತರ ಎಂದು ತಲೆ ಕೆಡಿಸಿಕೊಂಡ ವಿದ್ವಾಂಸರಿಗೆ ಇಂಥದ್ದೊಂದು ಸಾಧನ ಕೈಗೆ ಸಿಕ್ಕಿದ್ದರೆ! ಇರಲಿ.

1979ರ ಏಳನೆಯ ಆವೃತ್ತಿಯ ಯೂನಿಕ್ಸಿನಲ್ಲಿ 'ಕ್ಯಾಲೆಂಡರ್' ಎಂಬ ಆಜ್ಞೆ ಇದೆ. ಅದೇ ಹೆಸರಿನ ಒಂದು ಫೈಲಿನಲ್ಲಿ ನೀವು ದಿನಾಂಕ ಸಹಿತ ಏನು ಬೇಕಾದರೂ ಬರೆದಿಡಿ. ಆಜ್ಞೆ ಕೊಟ್ಟರೆ ಇವತ್ತಿನ ಮತ್ತು ನಾಳಿನ ದಿನಾಂಕವಿರುವ ಸಾಲುಗಳನ್ನು ಮಾತ್ರ ಎತ್ತಿ ತೋರಿಸುತ್ತದೆ. ವಾರಾಂತ್ಯ ಬಂದರೆ 'ನಾಳೆ' ಎಂಬುದನ್ನು ಸೋಮವಾರದವರೆಗೆ ಹಿಗ್ಗಿಸಿಕೊಳ್ಳುತ್ತದೆ. ಮುಂಜಾನೆ ತಾನಾಗಿ ಓಡುವಂತೆ ಇಟ್ಟರೆ, ಯಾರು ಯಾರ ಬಳಿ ಅಂಥ ಫೈಲಿದೆಯೋ ಅವರಿಗೆಲ್ಲ ಅಂಚೆಯಲ್ಲಿ ಕಳಿಸುತ್ತದೆ. ಇವತ್ತು ನೋಟಿಫಿಕೇಶನ್, ರಿಮೈಂಡರ್ ಎಂದು ತಿಂಗಳಿಗಿಷ್ಟು ಎಂದು ದುಡ್ಡು ಕೇಳುವವರು ಈ ಹಳೆಯ ಆಜ್ಞೆಯನ್ನು ಒಮ್ಮೆ ನೋಡಬೇಕು. ತೊಂಬತ್ತರ ದಶಕದಲ್ಲಿ ನಮ್ಮ ಕಚೇರಿಯಲ್ಲಿ ಹಸಿರು ಅಕ್ಷರದ ಟರ್ಮಿನಲ್‌ಗಳಿದ್ದಾಗ ಹಿರಿಯ ಸಹೋದ್ಯೋಗಿಯೊಬ್ಬರು ಸಿಬ್ಬಂದಿಯ ಸಾಲದ ಕಂತುಗಳನ್ನು ಹೀಗೇ ಬರೆದಿಟ್ಟುಕೊಂಡಿದ್ದರು. ಯಾರಾದರೂ ಮರೆತ ಹಾಗೆ ನಟಿಸಿದರೆ ಮಾರನೆಯ ಬೆಳಿಗ್ಗೆ ಅವರ ಕೈಯಲ್ಲಿ ಪ್ರಿಂಟು!

ಮುಂದೆ ಪಿಸಿ ಬಂತು, ವಿಂಡೋಸ್ ಬಂತು. ಕಥೆ ಅಲ್ಲಿ ತಿರುಗಿತು. 1984ರಲ್ಲಿ ಬೋರ್ಲ್ಯಾಂಡ್ ಕಂಪನಿಯ ಸೈಡ್‌ಕಿಕ್, 1988ರಲ್ಲಿ ಲೋಟಸ್ ಅಜೆಂಡಾ, 2003ರಲ್ಲಿ ಮೈಕ್ರೋಸಾಫ್ಟಿನ ಒನ್‌ನೋಟ್. ಒಂದಕ್ಕಿಂತ ಒಂದು ಚೆಂದ. ಲೋಟಸ್ ಅಜೆಂಡಾ ಬಳಸಿದವರು ಇಂದಿಗೂ ಅದನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಆದರೆ ಟಿಪ್ಪಣಿ ಈಗ ಆ ಪ್ರೋಗ್ರಾಮಿನ ಹೊಟ್ಟೆಯೊಳಗೆ, ಅದರದ್ದೇ ಭಾಷೆಯಲ್ಲಿ ಇರತೊಡಗಿತು. ಪ್ರೋಗ್ರಾಮ್ ಸತ್ತರೆ ಟಿಪ್ಪಣಿಯೂ ಸಹಗಮನ. (ವಿಂಡೋಸಿನ ಬಡಪಾಯಿ ನೋಟ್‌ಪ್ಯಾಡ್ ಮಾತ್ರ ಈ ಜಾತಿಗೆ ಸೇರಲಿಲ್ಲ. ಅದರ ಫೈಲಿನ ಮೊದಲ ಸಾಲಿನಲ್ಲಿ ಒಂದು ಚುಕ್ಕಿ ಇಟ್ಟು ದೊಡ್ಡಕ್ಷರದಲ್ಲಿ ಎಲ್, ಓ, ಜಿ ಎಂದು ಬರೆದರೆ, ಪ್ರತಿ ಸಲ ತೆರೆದಾಗಲೂ ತಾನೇ ದಿನಾಂಕ, ಸಮಯ ಹಾಕಿ ಕೊಡುತ್ತದೆ. ಎಷ್ಟೋ ವರ್ಷ ಬಳಸಿದವರಿಗೂ ಇದು ಗೊತ್ತಿರುವುದಿಲ್ಲ.)

ಆಮೇಲೆ ಇಂಟರ್ನೆಟ್ಟಿನ ಟಿಪ್ಪಣಿ ಪುಸ್ತಕಗಳ ಕಾಲ. ಗೂಗಲ್ ನೋಟ್‌ಬುಕ್ 2006ರಲ್ಲಿ ಬಂತು, 2009ರಲ್ಲಿ ಬೆಳೆಯುವುದನ್ನು ನಿಲ್ಲಿಸಿತು, 2012ರಲ್ಲಿ ಮುಚ್ಚಿತು. ಕ್ಯಾಚ್ ಎಂಬುದು 2013ರಲ್ಲಿ, ಸ್ಪ್ರಿಂಗ್‌ಪ್ಯಾಡ್ ಎಂಬುದು 2014ರಲ್ಲಿ ಬಾಗಿಲು ಹಾಕಿದವು. ಇವುಗಳ ನಡುವೆ ಗಟ್ಟಿಯಾಗಿ ನಿಂತದ್ದು ಆನೆಯ ಚಿಹ್ನೆಯ ಎವರ್‌ನೋಟ್. 2008ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಇದರ ಆಗಿನ ಮುಖ್ಯಸ್ಥ ಫಿಲ್ ಲಿಬಿನ್, ನೂರು ವರ್ಷ ಬಾಳುವ ಕಂಪನಿ ಕಟ್ಟುತ್ತೇನೆ ಎನ್ನುತ್ತಿದ್ದರು.

ಎವರ್‌ನೋಟಿನಲ್ಲಿ ಒಂದು ಒಳ್ಳೆಯ ಗುಣವಿತ್ತು. ಅದರ ವಿಂಡೋಸ್ ಆವೃತ್ತಿಯ ಜೊತೆ 'ಇಎನ್‌ಸ್ಕ್ರಿಪ್ಟ್' ಎಂಬ ಸಣ್ಣದೊಂದು ಪ್ರೋಗ್ರಾಮ್ ಸದ್ದಿಲ್ಲದೆ ಬರುತ್ತಿತ್ತು. ಕಪ್ಪು ಪರದೆಯಲ್ಲಿ ಅದರ ಹೆಸರು ಬರೆದು 'ಕ್ರಿಯೇಟ್‌ನೋಟ್' ಎಂದರೆ ಹೊಸ ಟಿಪ್ಪಣಿ, 'ಎಕ್ಸ್‌ಪೋರ್ಟ್‌ನೋಟ್ಸ್' ಎಂದರೆ ಎಲ್ಲವನ್ನೂ ಹೊರಗೆ ತೆಗೆದು ಒಂದು ಫೈಲಿನಲ್ಲಿ ಕೊಡುವುದು. ರಾತ್ರಿ ಹನ್ನೆರಡಕ್ಕೆ ತಾನಾಗಿ ಓಡುವಂತೆ ಇಟ್ಟರೆ ದಿನವೂ ನಿಮ್ಮದೇ ಡಿಸ್ಕಿನಲ್ಲಿ ಒಂದು ಪ್ರತಿ. ಲಿನಕ್ಸಿನವರಿಗೆ ಕಂಪನಿ ಏನೂ ಕೊಡಲಿಲ್ಲ. ಆದರೆ ಹೊರಗಿನ ಕೆಲವು ಪ್ರೋಗ್ರಾಮರುಗಳು ಗೀಕ್‌ನೋಟ್ ಎಂಬುದನ್ನು ಬರೆದರು. ಅದರಲ್ಲಿ 'ಫೈಂಡ್' ಎಂದು ಹುಡುಕಬಹುದು, 'ಎಡಿಟ್' ಎಂದರೆ ನಿಮಗೆ ಬೇಕಾದ ಎಡಿಟರಿನಲ್ಲೇ ಟಿಪ್ಪಣಿ ತೆರೆಯುತ್ತದೆ. ಒಂದು ಇಡೀ ಫೋಲ್ಡರನ್ನು ಎವರ್‌ನೋಟಿನೊಂದಿಗೆ ಸರಿಹೊಂದಿಸುವ ಸಾಧನವೂ ಅದರ ಜೊತೆಗಿತ್ತು.

ಇವೆಲ್ಲ ಮಾಲೀಕನ ಮರ್ಜಿಯ ಮೇಲೆ. 2020ರಲ್ಲಿ ಎವರ್‌ನೋಟ್ ಹತ್ತನೆಯ ಆವೃತ್ತಿಯನ್ನು ಹೊಸದಾಗಿ ಬರೆಯಿತು. ಇಎನ್‌ಸ್ಕ್ರಿಪ್ಟ್ ಅದರಲ್ಲಿ ಇಲ್ಲವಾಯಿತು. 2022ರ ಕೊನೆಗೆ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿ ಎವರ್‌ನೋಟನ್ನು ಕೊಳ್ಳುವುದಾಗಿ ಪ್ರಕಟಿಸಿತು. 2023ರ ಡಿಸೆಂಬರಿನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂದು ಬೇಲಿ ಹಾಕಲಾಯಿತು. ನೂರು ವರ್ಷದ ಮಾತು ಹದಿನೈದು ವರ್ಷಕ್ಕೇ ಬೇರೆಯವರ ಕೈ ಸೇರಿತ್ತು. ನಾನು ಕಂಪನಿಯನ್ನು ಬೈಯುತ್ತಿಲ್ಲ. ಅಂಗಡಿ ಇಟ್ಟವನು ಬಾಡಿಗೆ ಕಟ್ಟಬೇಕು, ಸಂಬಳ ಕೊಡಬೇಕು. ಆದರೆ ನಮ್ಮ ಸಾಮಾನು ಅವನ ಗೋದಾಮಿನಲ್ಲಿದ್ದರೆ ಬೀಗದ ಕೈ ಒಂದು ನಮ್ಮಲ್ಲೂ ಇರಬೇಕಲ್ಲವೇ? ಈಗಲೂ 'ಎವರ್‌ನೋಟ್-ಬ್ಯಾಕಪ್' ಎಂಬ ಕಮಾಂಡ್ ಲೈನ್ ಸಾಧನ ಒಂದಿದೆ, ಇದೂ ಹೊರಗಿನವರು ಬರೆದು ಹಂಚಿದ್ದು. ಎಲ್ಲ ಟಿಪ್ಪಣಿಗಳನ್ನೂ ಇಳಿಸಿಕೊಟ್ಟು ಬೇರೆ ಆ್ಯಪ್‌ಗಳು ಓದಬಲ್ಲ ರೂಪದಲ್ಲಿ ಇಡುತ್ತದೆ. ಯಾರದ್ದಾದರೂ ಹಳೆಯ ಖಾತೆ ಅಲ್ಲಿ ಮಲಗಿದ್ದರೆ ಒಂದು ಭಾನುವಾರ ಇದಕ್ಕೆ ಮೀಸಲಿಡುವುದು ಒಳ್ಳೆಯದು.

ಇನ್ನೊಂದು ಕಡೆ ಹಳೆಯ ಧಾರೆ ಬತ್ತಿರಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ 2003ರಲ್ಲಿ ತಮ್ಮ ಸ್ವಂತ ಕೆಲಸಗಳ ಗೋಜಲು ಬಿಡಿಸಿಕೊಳ್ಳಲು ಈಮ್ಯಾಕ್ಸ್ ಎಡಿಟರಿನಲ್ಲಿ ಆರ್ಗ್ ಮೋಡ್ ಬರೆದರು. ನಕ್ಷತ್ರ ಚಿಹ್ನೆ ಹಾಕಿದರೆ ತಲೆಬರಹ, ಎರಡು ಹಾಕಿದರೆ ಉಪ ತಲೆಬರಹ, ಅಷ್ಟೇ. ನಕ್ಷತ್ರ ನೋಡುವವರು ನಕ್ಷತ್ರವನ್ನೇ ಆರಿಸಿಕೊಂಡರು ಎಂದು ನಾನು ತಮಾಷೆ ಮಾಡುವುದುಂಟು, ನಿಜದಲ್ಲಿ ಅದು ಈಮ್ಯಾಕ್ಸಿನ ಹಳೆಯ ಪದ್ಧತಿ. 2004ರಲ್ಲಿ ಜಾನ್ ಗ್ರೂಬರ್ ಮಾರ್ಕ್‌ಡೌನ್ ಎಂಬ ಸರಳ ಬರವಣಿಗೆಯ ಕ್ರಮ ಕೊಟ್ಟರು. 2006ರಲ್ಲಿ ಪತ್ರಕರ್ತೆ ಜೀನಾ ಟ್ರಪಾನಿ 'ಟುಡೂ.ಟೆಕ್ಸ್ಟ್' ಮಾಡಿದರು. ಒಂದು ಫೈಲು, ಒಂದು ಕೆಲಸಕ್ಕೆ ಒಂದು ಸಾಲು. ಸೇರಿಸಲು, ಮುಗಿಸಲು, ಪಟ್ಟಿ ನೋಡಲು ಒಂದು ಪುಟ್ಟ ಸ್ಕ್ರಿಪ್ಟ್. ಇವರು ಮೂವರೂ ಬೇರೆ ಬೇರೆ ಊರಿನವರು, ಬೇರೆ ಬೇರೆ ಕಸುಬಿನವರು. ಹೋಗಿ ನಿಂತದ್ದು ಮಾತ್ರ 1971ರ ಆ ಬರಿಯ ಸಾಲುಗಳ ಬಳಿಯೇ.

2017ರ ಸುಮಾರಿಗೆ ಲೋರಾಂ ಕೋಜಿಕ್ ಅವರ ಜಾಪ್ಲಿನ್ ಬಂತು. ಇದು ನನ್ನ ಮಟ್ಟಿಗೆ ಎರಡೂ ಲೋಕಗಳ ನಡುವಿನ ಸೇತುವೆ. ಮೊಬೈಲಿನಲ್ಲಿ ಸಾಮಾನ್ಯ ಆ್ಯಪ್‌ನಂತೆ ಬಳಸಬಹುದು, ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಆಜ್ಞೆಗಳಿಂದಲೂ ನಡೆಸಬಹುದು. 'ಎಂಕೆಬುಕ್' ಎಂದರೆ ಹೊಸ ಪುಸ್ತಕ, 'ಎಂಕೆನೋಟ್' ಎಂದರೆ ಹೊಸ ಟಿಪ್ಪಣಿ, 'ಸಿಂಕ್' ಎಂದರೆ ಎಲ್ಲ ಕಡೆಗೂ ಹಂಚು. ಪಟ್ಟಿಗೆ? ಅದೇ 'ಎಲ್‌ಎಸ್'. ತೋರಿಸಲು? ಅದೇ 'ಕ್ಯಾಟ್'. ಸ್ಥಳ ಬದಲಿಸಲು 'ಎಂವಿ'. ಟೆಲಿಟೈಪಿನ ಮುಂದೆ ಬೆರಳು ನೋಯದಿರಲೆಂದು ಇಟ್ಟ ಹೆಸರುಗಳು ಅರ್ಧ ಶತಮಾನ ದಾಟಿ ಮೊಮ್ಮಕ್ಕಳ ಮನೆಯಲ್ಲಿ ವಾಸವಾಗಿವೆ. ಜಾಪ್ಲಿನ್ ತನ್ನ ಟಿಪ್ಪಣಿಗಳನ್ನು ಒಳಗೆ ಡೇಟಾಬೇಸಿನಲ್ಲಿ ಇಡುತ್ತದೆ ನಿಜ, ಆದರೆ 'ಎಕ್ಸ್‌ಪೋರ್ಟ್' ಎಂಬ ಒಂದೇ ಆಜ್ಞೆಗೆ ಎಲ್ಲವನ್ನೂ ಮಾರ್ಕ್‌ಡೌನ್ ಫೈಲುಗಳಾಗಿ ಸುರಿದು ಕೊಡುತ್ತದೆ. 2020ರಲ್ಲಿ ಬಂದ ಅಬ್ಸಿಡಿಯನ್ ಅಷ್ಟೂ ದೂರ ಹೋಗದೆ ಬರಿಯ ಫೋಲ್ಡರಿನಲ್ಲೇ ಇಟ್ಟಿತು. ಅದರ ಟಿಪ್ಪಣಿಯನ್ನು ಹುಡುಕಲು ಅಬ್ಸಿಡಿಯನ್ ತೆರೆಯಬೇಕೆಂದೇ ಇಲ್ಲ, ಗ್ರೆಪ್ ಸಾಕು.

ಇಷ್ಟು ಹೊತ್ತು ಹೇಳಿದ್ದೆಲ್ಲ ಇಂಗ್ಲಿಷಿನವರ ಭಾಗ್ಯ. ಕನ್ನಡದಲ್ಲಿ ಬರೆದವರ ಗತಿ?

ತೊಂಬತ್ತರ ದಶಕದಲ್ಲಿ, ಅದರ ಆಚೆಗೂ ನಾವು ಕಂಪ್ಯೂಟರಿನಲ್ಲಿ ಬರೆದ ಕನ್ನಡ, ಕಂಪ್ಯೂಟರಿನ ಕಣ್ಣಿಗೆ ಕನ್ನಡವೇ ಅಲ್ಲ. ಫಾಂಟು ಎಂಬ ವೇಷ ತೊಡಿಸಿದ ಲ್ಯಾಟಿನ್ ಅಕ್ಷರಗಳು ಅವು. ನುಡಿಯ ಹಳೆಯ ಫಾಂಟಿನಲ್ಲಿ 'ಕ' ಎಂಬುದು ಇಂಗ್ಲಿಷಿನ ದೊಡ್ಡ 'ಪಿ' ಮತ್ತು ತಲೆಕಟ್ಟಿಗೆಂದು ಹಿಂದೆ ಸೇರಿಸಿದ, ಮೇಲೊಂದು ಗೀಟು ಇರುವ 'ಎ'. 'ನ' ಎಂಬುದು ಇಂಗ್ಲೆಂಡಿನ ಪೌಂಡಿನ ಚಿಹ್ನೆ ಮತ್ತು ಅದೇ ಗೀಟಿನ 'ಎ'. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಗೀಚು. ಆಗ ಬೇರೆ ದಾರಿ ಇರಲಿಲ್ಲ, ಇದರಿಂದಲೇ ಎಷ್ಟೋ ಪುಸ್ತಕ, ಪತ್ರಿಕೆ ಹೊರಬಂದವು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಾಗ ಊರು ಬಿಟ್ಟ ನಮ್ಮಂಥವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೀಲಿಗಳ ವಿನ್ಯಾಸದ ಸಮಸ್ಯೆಯನ್ನು ಕೆ.ಪಿ. ರಾವ್ ಅವರು ಚೆಂದವಾಗಿ ಬಿಡಿಸಿದ್ದರು. ಒಂದು ಕೀಲಿಗೆ ಒಂದು ವ್ಯಂಜನ, ಒತ್ತಕ್ಷರ ಬೇಕಾದಾಗ ನಡುವೆ 'ಎಫ್'. ಇವತ್ತೂ ನಾನು ಅದರಲ್ಲೇ ಬರೆಯುತ್ತಿರುವುದು. ಆದರೆ ಬೆರಳಿನ ಭಾಷೆ ಸರಿಹೋದರೂ ಫೈಲಿನೊಳಗಿನ ಭಾಷೆ ಸರಿಯಿರಲಿಲ್ಲ.

ಅದನ್ನು ಸರಿಮಾಡುವ ಕೆಲಸ ಎರಡು ಕಡೆ ನಡೆಯಿತು. ಮೊದಲನೆಯದು ಯುನಿಕೋಡ್. ಭಾರತದ್ದೇ ಆದ ಇಸ್ಕಿ ಎಂಬ ಸಂಕೇತ ಕ್ರಮವನ್ನು ಆಧಾರವಾಗಿಟ್ಟುಕೊಂಡು ಅದರಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿತು, 1991ರ ಮೊದಲ ಆವೃತ್ತಿಯಲ್ಲೇ. ಆದರೆ ಜಗತ್ತಿನ ಎಲ್ಲ ಅಕ್ಷರಗಳಿಗೂ ಜಾಗ ಕೊಟ್ಟ ಈ ಕ್ರಮವನ್ನು ಹಳೆಯ ಯೂನಿಕ್ಸ್ ಸಾಧನಗಳು ನುಂಗಲಾರವು. ಅವಕ್ಕೆ ಒಂದು ಅಕ್ಷರಕ್ಕೆ ಒಂದು ಬೈಟು ಎಂಬುದೇ ಅಭ್ಯಾಸ.

ಇಲ್ಲಿ ಎರಡನೆಯ ಕಥೆ. 1992ರ ಸೆಪ್ಟೆಂಬರ್ 2. ಅದೇ ನ್ಯೂ ಜೆರ್ಸಿಯ ಒಂದು ಸಾಧಾರಣ ಹೋಟೆಲು. ಊಟಕ್ಕೆ ಕುಳಿತವರು ಇಬ್ಬರು, ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್. ಹೌದು, ಗ್ರೆಪ್ ಬರೆದ ಅದೇ ಥಾಂಪ್ಸನ್. ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಅವರು ಒಂದು ವಿನ್ಯಾಸ ಗೀಚಿದರು. ಹಳೆಯ ಇಂಗ್ಲಿಷ್ ಫೈಲು ಒಂದಿಷ್ಟೂ ಬದಲಾಗದೆ ಹಾಗೇ ಇರಬೇಕು. ಹೊಸ ಅಕ್ಷರಗಳು ಎರಡು, ಮೂರು ಅಥವಾ ಹೆಚ್ಚು ಬೈಟುಗಳಲ್ಲಿ ಬರಬೇಕು. ಒಂದು ಅಕ್ಷರದ ತುಂಡು ಇನ್ನೊಂದು ಅಕ್ಷರದ ಹಾಗೆ ಎಂದೂ ಕಾಣಬಾರದು. ಒಂದು ವಾರದೊಳಗೆ ಅವರ ಪ್ಲಾನ್ 9 ಎಂಬ ವ್ಯವಸ್ಥೆ ಪೂರ್ತಿ ಇದಕ್ಕೆ ಬದಲಾಗಿತ್ತು. ಅದೇ ಇವತ್ತಿನ ಯುಟಿಎಫ್-8. ಆ ಹೋಟೆಲಿನ ಕಾಗದವನ್ನು ಯಾರೂ ಎತ್ತಿಡಲಿಲ್ಲ. ಎತ್ತಿಡಬೇಕಿತ್ತು ಎಂದು ಪೈಕ್ ಆಮೇಲೆ ಬರೆದುಕೊಂಡಿದ್ದಾರೆ. ಜಗತ್ತಿನ ಟಿಪ್ಪಣಿಗಳನ್ನೆಲ್ಲ ಉಳಿಸಿದ ಟಿಪ್ಪಣಿಯೇ ಉಳಿಯಲಿಲ್ಲ ನೋಡಿ!

ಇದರಿಂದ ನಮಗೇನಾಯಿತು? 'ಕನ್ನಡ' ಎಂಬ ಪದವನ್ನು ಒಂದು ಫೈಲಿನಲ್ಲಿ ಬರೆದು ಎಣಿಸಿ ನೋಡಿ. ನಮ್ಮ ಕಣ್ಣಿಗೆ ಮೂರಕ್ಷರ. ಯುನಿಕೋಡಿನ ಲೆಕ್ಕದಲ್ಲಿ ಐದು, ಏಕೆಂದರೆ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 15 ಬೈಟು. ಎಪ್ಪತ್ತರ ದಶಕದ ಬುದ್ಧಿಯ ಗ್ರೆಪ್ಪಿಗೆ ಇದು ಕನ್ನಡ ಎಂದು ಗೊತ್ತಾಗಬೇಕಿಲ್ಲ. ಅದೇ 15 ಬೈಟುಗಳ ಸಾಲು ಎಲ್ಲಿದೆಯೋ ಅಲ್ಲಿ ತೋರಿಸುತ್ತದೆ. 'ಸಾರ್ಟ್' ಆಜ್ಞೆಯೂ ಅಷ್ಟೇ. ಅ, ಆ, ಇ, ಈ, ಕ, ಖ ಎಂದು ಬಹುಮಟ್ಟಿಗೆ ನಮ್ಮ ವರ್ಣಮಾಲೆಯ ಕ್ರಮದಲ್ಲೇ ಜೋಡಿಸುತ್ತದೆ. ಬಹುಮಟ್ಟಿಗೆ ಎಂದೆ, ಏಕೆಂದರೆ ಯುನಿಕೋಡಿನ ಪಟ್ಟಿಯಲ್ಲಿ 'ಳ' ಎಂಬುದು 'ಲ'ದ ಪಕ್ಕದಲ್ಲೇ ಕೂತಿದೆ. ಕಡೆಯಲ್ಲಿ ಬರಬೇಕಾದದ್ದು ನಡುವೆ ಬಂದು, 'ವ'ಕ್ಕಿಂತ ಮುಂದಾಗುತ್ತದೆ.

ಇನ್ನು ಮಾಸ್ತರರ ವಿಷಯ. ನಮ್ಮ ಪರಿಚಯದವರು, ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿಸುತ್ತಿದ್ದವರು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಎಸ್ಸೆಸ್ಸಿ ಓದಿದ ಹುಡುಗರ ವಿವರಗಳನ್ನು ನಿವೃತ್ತಿಯ ನಂತರ ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದರು. ಯಾವ ಊರಿನವನು, ಯಾವ ಇಸವಿಯಲ್ಲಿ ಬಂದ, ಯಾರ ಹೋಟೆಲಿನಲ್ಲಿದ್ದ, ಆಮೇಲೆ ಏನಾದ. ಒಬ್ಬೊಬ್ಬರಿಗೆ ಒಂದೊಂದು ಫೈಲು, ಮುನ್ನೂರಕ್ಕೂ ಹೆಚ್ಚು. ಅವರು ತೀರಿಕೊಂಡ ಮೇಲೆ ಮಗಳು ಡಿಸ್ಕು ಹಿಡಿದುಕೊಂಡು ಬಂದಳು. "ಮಾಮ, ಇದ್ರಲ್ಲಿ ಅಪ್ಪ ಬರೆದದ್ದೆಲ್ಲ ಉಂಟು. ಆದ್ರೆ ತೆರೆದ್ರೆ ಎಂಥದೋ ಎಬಿಸಿಡಿ ಬರ್ತದೆ. ಅಂಗಡಿಯವ ಫಾರ್ಮ್ಯಾಟ್ ಮಾಡಿ ಕೊಡ್ತೇನೆ ಅಂದ."

ಪುಣ್ಯಕ್ಕೆ ಫಾರ್ಮ್ಯಾಟ್ ಮಾಡಿಸಿರಲಿಲ್ಲ. ಎಲ್ಲವೂ ಹಳೆಯ ವರ್ಡ್ ಫೈಲುಗಳು, ನುಡಿಯ ಫಾಂಟು. ಒಂದೊಂದನ್ನೂ ತೆರೆದು, ನಕಲು ಮಾಡಿ, ಅಂಟಿಸಿ ಬದಲಾಯಿಸುವುದಾದರೆ ತಿಂಗಳುಗಟ್ಟಲೆ ಕೆಲಸ. ಲಿಬ್ರೆಆಫೀಸನ್ನು ಕಿಟಕಿ ತೆರೆಯದೆ ಕಮಾಂಡ್ ಲೈನಿನಿಂದಲೇ ಓಡಿಸಬಹುದು. ಒಂದು ಆಜ್ಞೆಗೆ ಫೋಲ್ಡರಿನಲ್ಲಿದ್ದ ಅಷ್ಟೂ ಫೈಲುಗಳು ಬರಿಯ ಪಠ್ಯವಾದವು. ಫಾಂಟಿನ ಸಂಕೇತದಿಂದ ಯುನಿಕೋಡಿಗೆ ಬದಲಾಯಿಸುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರು ಬರೆದು ಉಚಿತವಾಗಿ ಹಂಚಿದ್ದಾರೆ. ಅದರ ಮೂಲಕ ಎಲ್ಲವನ್ನೂ ಹಾಯಿಸಿದೆ. ಎರಡು ಸಂಜೆಯ ಕೆಲಸ. ಎಬಿಸಿಡಿ ಹೋಗಿ ಕನ್ನಡ ಬಂತು.

ಆಮೇಲೆ ಗ್ರೆಪ್. 'ಕಾರ್ಕಳ' ಎಂದು ಹುಡುಕಿದೆ. ಸಾಲುಗಳು ಬಂದವು, ಆದರೆ ಮಗಳು ಹೇಳಿದ ಇಬ್ಬರ ಹೆಸರು ಕಾಣಲಿಲ್ಲ. ನೋಡಿದರೆ ಮಾಸ್ತರರು ಕೆಲವು ಕಡೆ ಅರ್ಕಾವತ್ತು ಹಾಕಿ ಬರೆದಿದ್ದರು, ಕೆಲವು ಕಡೆ 'ರ'ದ ಕೆಳಗೆ ಒತ್ತು ಕೊಟ್ಟು. ಓದುವವರಿಗೆ ಎರಡೂ ಒಂದೇ ಕಾರ್ಕಳ. ಯುನಿಕೋಡಿನಲ್ಲಿ ಎರಡನೆಯ ರೂಪಕ್ಕೆ ಕಣ್ಣಿಗೆ ಕಾಣದ ಒಂದು ಸಂಕೇತ ನಡುವೆ ಬಂದು ಕೂರುತ್ತದೆ. ಗ್ರೆಪ್ಪಿನ ಪಾಲಿಗೆ ಅವು ಎರಡು ಬೇರೆ ಊರು. ಆ ಅದೃಶ್ಯ ಸಂಕೇತವನ್ನು ಎಲ್ಲ ಫೈಲುಗಳ ನಕಲಿನಿಂದ 'ಸೆಡ್' ಎಂಬ ಆಜ್ಞೆಯಲ್ಲಿ ತೆಗೆದು ಮತ್ತೆ ಹುಡುಕಿದಾಗ ಇಬ್ಬರೂ ಬಂದು ನಿಂತರು. ಮೂಲ ಫೈಲುಗಳನ್ನು ಹಾಗೇ ಬಿಟ್ಟೆವು, ಮಾಸ್ತರರ ಅಕ್ಷರ ಅವರ ಹಾಗೇ ಇರಲಿ ಎಂದು. ಕನ್ನಡದಲ್ಲಿ ಟಿಪ್ಪಣಿ ಇಡುವವರು ಈ ಒಂದು ವಿಷಯವನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಸಿಗಲಿಲ್ಲ ಎಂದರೆ ಇಲ್ಲ ಎಂದರ್ಥವಲ್ಲ, ಬೇರೆ ರೀತಿಯಲ್ಲಿ ಬರೆದಿರಬಹುದು.

ಇನ್ನೊಂದು ಕಿರಿಕಿರಿಯನ್ನೂ ಹೇಳಬೇಕು. ಟರ್ಮಿನಲ್‌ಗಳು ಪರದೆಯನ್ನು ಸಮ ಅಳತೆಯ ಚೌಕಗಳಾಗಿ ಹಂಚಿಕೊಂಡಿರುತ್ತವೆ, ಟೆಲಿಟೈಪಿನ ಆ ಹಳೆಯ ಅಭ್ಯಾಸ. ಒಂದು ಚೌಕಕ್ಕೆ ಒಂದು ಅಕ್ಷರ. ನಮ್ಮ ಒತ್ತಕ್ಷರ, ಕೊಂಬು, ದೀರ್ಘ ಈ ಚೌಕಗಳಲ್ಲಿ ಕೂರುವುದಿಲ್ಲ. ಹಲವು ಟರ್ಮಿನಲ್‌ಗಳಲ್ಲಿ ಕನ್ನಡ ಇಂದಿಗೂ ಕಳಚಿ ಬಿದ್ದಂತೆ ಕಾಣುತ್ತದೆ. ಕೆಡಿಇಯವರ ಕಾನ್ಸೋಲ್, ಎಂಎಲ್‌ಟರ್ಮ್ ಮೊದಲಾದ ಕೆಲವು ವಾಸಿ. ಐವತ್ತು ವರ್ಷಗಳ ನಂತರವೂ ಇದು ಪೂರ್ತಿ ಸರಿಯಾಗಿಲ್ಲ ಎಂಬುದು ನನ್ನ ದೂರು, ಯಾರ ಮೇಲೆ ಎಂದು ಕೇಳಬೇಡಿ. ಆದರೆ ಕೆಟ್ಟಿರುವುದು ಕನ್ನಡಿ ಮಾತ್ರ. ಅದೇ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಅಕ್ಷರಗಳು ಮುತ್ತು ಪೋಣಿಸಿದಂತಿರುತ್ತವೆ. ಹಾಗಾಗಿ ನಾನು ಬರೆಯುವುದು ಆ್ಯಪಿನಲ್ಲಿ. ಹುಡುಕಲು, ಪ್ರತಿ ತೆಗೆಯಲು, ಒಟ್ಟಿಗೆ ಬದಲಾಯಿಸಲು ಕಪ್ಪು ಪರದೆ. ಎಲ್ಲರೂ ಆಜ್ಞೆ ಕಲಿತು ಟರ್ಮಿನಲ್‌ನಲ್ಲೇ ಸಂಸಾರ ಮಾಡಿ ಎಂದು ಹೇಳುವವನು ನಾನಲ್ಲ. ಅಷ್ಟಕ್ಕೂ ನಮ್ಮ ಮನೆಯಲ್ಲಿ ದಿನಸಿ ಪಟ್ಟಿ ಇನ್ನೂ ಫ್ರಿಜ್ಜಿನ ಮೇಲಿನ ಕಾಗದದಲ್ಲೇ ಇದೆ.

ಮಾಸ್ತರರ ಮಗಳಿಗೆ ಇಷ್ಟವಾದದ್ದು ಮಾತ್ರ ಗ್ರೆಪ್ಪೂ ಅಲ್ಲ, ಸೆಡ್ಡೂ ಅಲ್ಲ. ಅವಳ ಮ್ಯಾಕ್ ಕಂಪ್ಯೂಟರಿನಲ್ಲಿ ಆ ಹಳೆಯ 'ಕ್ಯಾಲೆಂಡರ್' ಆಜ್ಞೆಯ ವಂಶದ ಕುಡಿ ಒಂದು ಇತ್ತು. ಅಪ್ಪನ ಟಿಪ್ಪಣಿಗಳಲ್ಲಿ ದಿನಾಂಕ ಇರುವ ಸಾಲುಗಳನ್ನೆಲ್ಲ ಆರಿಸಿ, ತಿಂಗಳು, ತಾರೀಕು ಮುಂದೆ ಹಾಕಿ ಆ ಹೆಸರಿನ ಫೈಲಿನಲ್ಲಿ ಇಟ್ಟುಕೊಂಡಿದ್ದಾಳೆ. ತಾರೀಕು ಅಂಕಿಯಲ್ಲಿ, ಮುಂದಿನದು ಕನ್ನಡದಲ್ಲಿ. ಮೊನ್ನೆ ಬೆಳಿಗ್ಗೆ ಒಂದು ಸಾಲನ್ನು ನನಗೆ ಕಳಿಸಿದಳು. ಹಡಗಿನಲ್ಲಿ ಬಂದ ಒಬ್ಬ ಹುಡುಗ, ಭಾವುಚಾ ಧಕ್ಕಾದಲ್ಲಿ ಇಳಿದದ್ದು, ಕೈಯಲ್ಲಿ ಚೀಲ ಒಂದು, ವಿಳಾಸ ಬರೆದ ಚೀಟಿ ಮಳೆಗೆ ಒದ್ದೆಯಾಗಿತ್ತು ಎಂದು ಬರೆದಿದ್ದರು ಮಾಸ್ತರರು.